ಟ್ರಂಕು ತೊಯ್ದ ಮೇಲೆ ಡಿಜಿಲಾಕರ್: ಓದಿದ್ದು ಸಿಕ್ಕಿತು, ದುಡಿದದ್ದು ಸಿಗಲಿಲ್ಲ

2020ರ ಅಕ್ಟೋಬರಿನಲ್ಲಿ ಭೀಮೆ ನಮ್ಮೂರ ಅಗಸಿ ದಾಟಿ ಒಳಗೆ ಬಂದಳು. ಮೇಲೆ ಮಹಾರಾಷ್ಟ್ರದ ಉಜ್ಜನಿ, ವೀರ್ ಡ್ಯಾಮುಗಳಿಂದ ನೀರು ಬಿಟ್ಟಿದ್ದರು. ಇತ್ತ ಸೊನ್ನ ಬ್ಯಾರೇಜಿನಿಂದಲೂ ನೀರು ಬರುತ್ತಿತ್ತು. ಜೇವರ್ಗಿ ತಾಲೂಕಿನ ಹೊಳೆದಂಡೆಯ ಊರು ನಮ್ಮದು. ಅವ್ವ ಜೋಳದ ಚೀಲ ಅಟ್ಟಕ್ಕೆ ಏರಿಸುವುದರಲ್ಲಿದ್ದಳು, ಅಪ್ಪ ಎತ್ತು ಬಿಚ್ಚಿ ದಿಬ್ಬಕ್ಕೆ ಹೊಡೆದುಕೊಂಡು ಹೋಗಿದ್ದ. ಮಂಚದ ಕೆಳಗಿದ್ದ ತಗಡಿನ ಟ್ರಂಕು ಯಾರಿಗೂ ನೆನಪಾಗಲಿಲ್ಲ. ನೀರು ಇಳಿದ ಮೇಲೆ ತೆರೆದು ನೋಡಿದರೆ ತಮ್ಮನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್‌ಕಾರ್ಡು, ಐಟಿಐ ಫಿಟ್ಟರ್ ಸರ್ಟಿಫಿಕೇಟು, ಜಾತಿ-ಆದಾಯದ ಪತ್ರ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾಗುವ 371ಜೆ ಪ್ರಮಾಣಪತ್ರ, ಪುಣೆಯಲ್ಲಿ ಮೂರು ವರ್ಷ ದುಡಿದದ್ದಕ್ಕೆ ಕೊಟ್ಟಿದ್ದ ಎಕ್ಸ್‌ಪೀರಿಯನ್ಸ್ ಲೆಟರು, ಎಲ್ಲ ಸೇರಿ ಒಂದೇ ಮುದ್ದೆ. ಲ್ಯಾಮಿನೇಶನ್ ಮಾಡಿಸಿದ್ದ ಮಾರ್ಕ್ಸ್‌ಕಾರ್ಡಿಗೆ ಆಕಾರವೇನೋ ಉಳಿದಿತ್ತು. ಆದರೆ ಅಂಚಿನಿಂದ ನೀರು ಒಳಗಿಳಿದು, ಅಂಕ ಇದ್ದ ಜಾಗದಲ್ಲಿ ನೀಲಿ ಮಸಿ ಮಾತ್ರ ಹರಡಿತ್ತು.

ತಮ್ಮ ಅದನ್ನು ಅಂಗಳದ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. "ಅಕ್ಕಾ, ಇನ್ನ ನಾ ಏನೂ ಓದಿಲ್ಲ ಅಂದಂಗೇ ಆಯ್ತಲ್ಲ" ಅಂದ.

ಡಿಜಿಲಾಕರ್, ಅಂದರೆ ದಾಖಲೆಗಳನ್ನು ಮೊಬೈಲಿನಲ್ಲೇ ಇಟ್ಟುಕೊಳ್ಳುವ ಕೇಂದ್ರ ಸರ್ಕಾರದ ಡಿಜಿಟಲ್ ಪೆಟ್ಟಿಗೆ. ಅದರ ಬಗ್ಗೆ ನಾನು ಬರೆಯುತ್ತಿರುವುದು ಆ ದಿನದಿಂದ ಇಲ್ಲಿಯವರೆಗೆ ಅದನ್ನು ಬಳಸಿದ ಅನುಭವದ ಮೇಲೆ. ನಾನು ಕಲಬುರಗಿಯ ಒಂದು ಖಾಸಗಿ ಪದವಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಹುಡುಗರ ಅಡ್ಮಿಶನ್, ಪರೀಕ್ಷಾ ಫಾರ್ಮು, ಓದಿನ ಕ್ರೆಡಿಟ್ಟು ಜಮಾ ಆಗುವ ಎಬಿಸಿ ಐಡಿ ಎಲ್ಲ ನನ್ನ ಟೇಬಲ್ಲಿಗೇ ಬರುತ್ತವೆ. ಹಾಗಾಗಿ ದಾಖಲೆ ಕೊಡುವವರ ಕಡೆಯೂ ಗೊತ್ತು, ತಮ್ಮನ ಕಾರಣದಿಂದ ದಾಖಲೆ ಬೇಡುವವರ ಕಡೆಯೂ ಗೊತ್ತು.

ಖಾತೆ ತೆರೆಯುವ ಮೊದಲೇ ಒಂದು ಅಡ್ಡಿ ಎದುರಾಯಿತು. ಡಿಜಿಲಾಕರ್‌ಗೆ ಆಧಾರ್ ಜೋಡಿಸಬೇಕು, ಆಧಾರ್‌ನ ಒಟಿಪಿ ಬರುವುದು ಅದಕ್ಕೆ ಕೊಟ್ಟ ಮೊಬೈಲ್ ನಂಬರಿಗೆ. ತಮ್ಮ ಆಧಾರ್‌ಗೆ ಕೊಟ್ಟಿದ್ದು ಪುಣೆಯ ಸಿಮ್ಮು. ಲಾಕ್‌ಡೌನಿನಲ್ಲಿ ಊರಿಗೆ ಬಂದ ಮೇಲೆ ರೀಚಾರ್ಜ್ ಮಾಡಿಸದೆ ಅದು ಬಂದ್ ಆಗಿತ್ತು. ಮೊಬೈಲ್ ನಂಬರು ಬದಲಿಸಲು ಆಗ ಆಧಾರ್ ಕೇಂದ್ರಕ್ಕೇ ಹೋಗಿ ಬೆರಳು ಒತ್ತಬೇಕಿತ್ತು. ಕಲಬುರಗಿಗೆ ಬಂದು, ಸರದಿಯಲ್ಲಿ ನಿಂತು, 50 ರೂಪಾಯಿ ಕಟ್ಟಿದೆವು. ಹೊಸ ನಂಬರು ದಾಖಲಾಗುವವರೆಗೆ ಕಾಯ್ದೆವು. ದುಡಿಯಲು ಊರು ಬಿಟ್ಟವರಿಗೆ ನನ್ನ ಮೊದಲ ಮಾತು ಇದೇ: ಆಧಾರ್‌ಗೆ ಕೊಟ್ಟ ಸಿಮ್ಮು ಸಾಯಗೊಡಬೇಡಿ. ಮುಂದಿನದೆಲ್ಲ ಆ ಒಂದು ನಂಬರಿನ ಮೇಲೆ ನಿಂತಿದೆ.

ನಂಬರು ಬಂದ ಮೇಲೆ ಅರ್ಧ ಗಂಟೆ ಸಾಕಾಯಿತು. ಸ್ಟೇಶನ್ ರೋಡಿನ ಚಾದಂಗಡಿಯ ಬೆಂಚಿನ ಮೇಲೆ ಕೂತು ಎಸ್‌ಎಸ್‌ಎಲ್‌ಸಿ ರಿಜಿಸ್ಟರ್ ನಂಬರು, ಪಾಸಾದ ವರ್ಷ 2014 ಹಾಕಿದೆವು. ನಂಬರು ಎಲ್ಲಿಂದ ಬಂತು ಅಂದರೆ, ಅವನು ಐಟಿಐ ಸೇರುವಾಗ ನಾನೇ ತುಂಬಿದ ಅರ್ಜಿಯ ಜೆರಾಕ್ಸು ನನ್ನ ಬೀರುವಿನಲ್ಲಿತ್ತು. ಮಾರ್ಕ್ಸ್‌ಕಾರ್ಡು ಪರದೆಯ ಮೇಲೆ ಬಂತು. ಆಮೇಲೆ ಐಟಿಐನ ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟು. ಆಮೇಲೆ ನಾಡಕಚೇರಿಯ ಪತ್ರಕ್ಕಿರುವ ಆರ್‌ಡಿ ನಂಬರು ಹಾಕಿ ಜಾತಿ-ಆದಾಯದ ಪತ್ರ. ತಮ್ಮನ ಚಾ ಆರಿ ಹೋಗಿತ್ತು. ಹೊಳೆ ಒಯ್ದದ್ದು ಇಷ್ಟು ಸುಲಭವಾಗಿ ತಿರುಗಿ ಬರುತ್ತದೆ ಅಂತ ನಾವಿಬ್ಬರೂ ಅಂದುಕೊಂಡಿರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ನಮ್ಮ ಕಾಲೇಜಿನ ಹುಡುಗರು ಹೆಚ್ಚಾಗಿ ತಪ್ಪುವುದು ಇಲ್ಲೇ. ಡಿಜಿಲಾಕರ್‌ನಲ್ಲಿ ಎರಡು ಬಗೆಯ ಕಾಗದಗಳಿರುತ್ತವೆ. ಒಂದು 'ಇಶ್ಯೂಡ್', ಅಂದರೆ ಬೋರ್ಡು, ವಿಶ್ವವಿದ್ಯಾಲಯ, ಇಲಾಖೆಯೇ ತನ್ನ ದಾಖಲೆಯಿಂದ ನಿಮ್ಮ ಖಾತೆಗೆ ನೇರವಾಗಿ ಕೊಟ್ಟದ್ದು. ಇನ್ನೊಂದು ನೀವೇ ಫೋಟೊ ಹೊಡೆದು ಡ್ರೈವ್‌ಗೆ ಹಾಕಿಕೊಂಡದ್ದು, ಅದಕ್ಕೆ 1 ಜಿಬಿ ಜಾಗ ಇದೆ. ಕಾನೂನಿನ ಬಲ ಇರುವುದು ಮೊದಲನೆಯದಕ್ಕೆ. ಡಿಜಿಟಲ್ ಲಾಕರ್ ನಿಯಮಗಳು ಬಂದದ್ದು 2016ರಲ್ಲಿ. 2017ರ ಫೆಬ್ರವರಿಯಲ್ಲಿ ತಿದ್ದುಪಡಿ ಮಾಡಿ, ಹೀಗೆ ಬಂದ ದಾಖಲೆಯನ್ನು ಮೂಲ ಕಾಗದಕ್ಕೆ ಸಮ ಎಂದು ಒಪ್ಪಬೇಕೆಂದು 9ಎ ನಿಯಮ ಸೇರಿಸಿದರು. ಎರಡನೆಯದು ಬರೀ ಫೋಟೊ. ನಿಮ್ಮ ಮೊಬೈಲಿನ ಗ್ಯಾಲರಿಯಲ್ಲಿದ್ದರೂ ಅಷ್ಟೇ, ಅಲ್ಲಿದ್ದರೂ ಅಷ್ಟೇ. "ಮೇಡಂ, ಡಿಜಿಲಾಕರ್‌ನಾಗ ಅದರಿ" ಅಂತ ಹುಡುಗರು ಮೊಬೈಲು ಮುಂದೆ ಹಿಡಿದಾಗ, ಯಾವ ಕಡೆಯಿಂದ ತೆರೆದರು ಎನ್ನುವುದನ್ನೇ ನಾನು ಮೊದಲು ನೋಡುವುದು.

ಈ ಇಡೀ ವ್ಯವಹಾರದಲ್ಲಿ ಯಾರು ಯಾರು ಇರುತ್ತಾರೆ ಎನ್ನುವುದನ್ನು ಅಪ್ಪನಿಗೆ ನಾನು ಗಂಜಿನ ಲೆಕ್ಕದಲ್ಲಿ ಹೇಳಿದ್ದೆ. ನೆಹರು ಗಂಜಿನ ಮಾರುಕಟ್ಟೆಗೆ ತೊಗರಿ ಹಾಕಿದರೆ ಅಡತಿಯವರು, ಅಂದರೆ ದಲಾಲರು, ತಕಪಟ್ಟಿ ಎಂಬ ಮಾರಾಟದ ಚೀಟಿ ಬರೆದುಕೊಡುತ್ತಾರೆ. ಅವರು ಇಶ್ಯುವರ್, ಕೊಡುವವರು. ತಕಪಟ್ಟಿ ಕಿಸೆಯಲ್ಲಿ ಇಟ್ಟುಕೊಂಡವನು ಹೋಲ್ಡರ್. ಬ್ಯಾಂಕಿನಲ್ಲಿ ಅದನ್ನು ನೋಡಿ ನಂಬುವವರು ವೆರಿಫೈಯರ್. ಡಿಜಿಲಾಕರ್‌ನ ಮಾತಿನಲ್ಲಿ ರಿಕ್ವೆಸ್ಟರ್. ಇನ್ನೊಬ್ಬರಿದ್ದಾರೆ, ಸಬ್ಜೆಕ್ಟ್. ಅಂದರೆ ಆ ಕಾಗದ ಯಾರ ಬಗ್ಗೆ ಇದೆಯೋ ಅವರು. ಅಪ್ಪನ ತಕಪಟ್ಟಿಯನ್ನು ನಾನು ಬ್ಯಾಂಕಿಗೆ ಒಯ್ದರೆ ಕಾಗದ ಇರುವುದು ನನ್ನ ಕೈಯಲ್ಲಿ, ತೊಗರಿ ಅಪ್ಪನದು. ಹೆಚ್ಚಿನ ಸಲ ಹೋಲ್ಡರ್ರೂ ಸಬ್ಜೆಕ್ಟೂ ಒಬ್ಬರೇ ಆಗಿರುತ್ತಾರೆ. ಶಾಲೆಯ ಮಕ್ಕಳ ವಿಷಯದಲ್ಲಿ ಹಾಗಲ್ಲ. ವಿದ್ಯಾರ್ಥಿಯ ಓದಿನ ದಾಖಲೆಗೆ ಕೊಡುವ ಅಪಾರ್ ಐಡಿ ಮಾಡಿಸುವಾಗ ತಂದೆ-ತಾಯಿಯ ಒಪ್ಪಿಗೆ ಪತ್ರ ಕೇಳುವುದು ಅದಕ್ಕೇ. ದಾಖಲೆ ಮಗುವಿನದು, ಹೂಂ ಅನ್ನಬೇಕಾದವರು ದೊಡ್ಡವರು.

ಅಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ: "ತಕಪಟ್ಟಿ ಹರದ್ರ ಅಡತಿ ಅಂಗಡ್ಯಾಗ ಬುಕ್ಕಿನಾಗ ಇರ್ತದ. ಅಡತಿಯವ್ನೇ ಬರಕೊಡದಿದ್ರ?"

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಕಾಗದದ ಸೀಲಿಗೂ ಡಿಜಿಟಲ್ ಸಹಿಗೂ ಇರುವ ಅಂತರ ನನ್ನ ಕೆಲಸದಲ್ಲಿ ದಿನವೂ ಕಾಣುತ್ತದೆ. ರಬ್ಬರ್ ಸ್ಟಾಂಪು ಯಾರು ಬೇಕಾದರೂ ಮಾಡಿಸಬಹುದು. ಡಿಜಿಟಲ್ ಸಹಿ ಆ ಕಡತದ ಒಂದೊಂದು ಅಕ್ಷರಕ್ಕೂ ಕಟ್ಟಿಕೊಂಡಿರುತ್ತದೆ. 45ನ್ನು 85 ಮಾಡಿದರೆ ತಪಾಸಣೆಯಲ್ಲಿ ಸಹಿ ಮುರಿದಿದೆ ಎಂದು ತೋರಿಸುತ್ತದೆ. ಆದರೆ ಅದೇ ಪಿಡಿಎಫ್‌ನ ಪ್ರಿಂಟ್ ತೆಗೆದ ಕೂಡಲೇ ಸಹಿ ಬರೀ ಚಿತ್ರವಾಗುತ್ತದೆ. ಆಗ ಕ್ಯೂಆರ್ ಕೋಡ್ ಇದ್ದರೆ ಅದೊಂದೇ ದಾರಿ. ಇಷ್ಟಿದ್ದರೂ ಸಂದರ್ಶನಕ್ಕೆ ಹೋದರೆ ಇಂದಿಗೂ ಕೇಳುವುದು ಮೂರು ಸೆಟ್ ಜೆರಾಕ್ಸು, ಗೆಜೆಟೆಡ್ ಅಧಿಕಾರಿಯ ಸಹಿಯೊಂದಿಗೆ. ಕೊಡುವವರನ್ನು ತಯಾರು ಮಾಡಿದಷ್ಟು ನೋಡುವವರನ್ನು ಯಾರೂ ತಯಾರು ಮಾಡಿಲ್ಲ ಎಂಬ ಕೊರಗು ನನಗಿದೆ.

ಜಗತ್ತಿನಲ್ಲಿ ಈ ಕೆಲಸ ಇನ್ನೂ ಮುಂದೆ ಹೋಗಿದೆ. ಅಮೆರಿಕದಲ್ಲಿ ಇದಕ್ಕೆ 'ಲರ್ನಿಂಗ್ ಅಂಡ್ ಎಂಪ್ಲಾಯ್‌ಮೆಂಟ್ ರೆಕಾರ್ಡ್' ಅನ್ನುತ್ತಾರೆ, ಓದು ಮತ್ತು ದುಡಿಮೆ ಎರಡೂ ಒಂದೇ ದಾಖಲೆಯಲ್ಲಿ. ಇಂತಹ ದಾಖಲೆಗಳ ರಚನೆಗೆ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2019ರ ನವೆಂಬರಿನಲ್ಲಿ 'ವೆರಿಫೈಯಬಲ್ ಕ್ರೆಡೆನ್ಶಿಯಲ್' ಎಂಬ ಮಾನದಂಡ ತಂದಿತು, 2025ರ ಮೇ ತಿಂಗಳಲ್ಲಿ ಅದರ 2.0 ಬಂತು. ಅದರಲ್ಲಿ ನನಗೆ ಹಿಡಿಸಿದ್ದು ಬೇಕಾದಷ್ಟನ್ನೇ ತೋರಿಸುವ ಅವಕಾಶ. ನಮ್ಮ ಹುಡುಗಿಯರು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೆಲಸಕ್ಕೂ ಇಡೀ ಮಾರ್ಕ್ಸ್‌ಕಾರ್ಡಿನ ಜೆರಾಕ್ಸು ಕೊಡುತ್ತಾರೆ: ಹುಟ್ಟಿದ ದಿನ, ತಾಯಿ ಹೆಸರು, ಫೋಟೊ ಎಲ್ಲ ಹೋಗುತ್ತದೆ. ಅಂಗಡಿಯವರಿಗೆ ಬೇಕಾಗಿರುವುದು ಪಾಸಾಗಿದ್ದಾಳೋ ಇಲ್ಲವೋ ಅಷ್ಟೇ. ಆ ಒಂದು ಸಾಲನ್ನು ಮಾತ್ರ, ಸಹಿ ಮುರಿಯದೆ, ತೋರಿಸುವ ಹಾಗಾಗಬೇಕು. ಆ ಜೆರಾಕ್ಸುಗಳು ಆಮೇಲೆ ಎಲ್ಲಿ ಹೋಗುತ್ತವೆ ಎಂಬ ಚಿಂತೆ ಹೆಣ್ಣುಮಕ್ಕಳ ತಾಯಂದಿರಿಗೆ ಗೊತ್ತು.

ಈಗ ನನ್ನ ಟೇಬಲ್ಲಿನ ಮಾತು. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ಎಬಿಸಿ, ಶುರುವಾದದ್ದು 2021ರ ಜುಲೈಯಲ್ಲಿ. ಎಬಿಸಿ ಐಡಿ 12 ಅಂಕಿಯದು. ಹುಡುಗರು ಇದನ್ನು ಸರ್ಟಿಫಿಕೇಟ್ ಅಂದುಕೊಳ್ಳುತ್ತಾರೆ. ಅಲ್ಲ, ಅದು ಪಾಸ್‌ಬುಕ್ಕಿನ ನಂಬರಿದ್ದ ಹಾಗೆ. ಪಾಸಾದ ವಿಷಯಗಳ ಕ್ರೆಡಿಟ್ಟು ಅಲ್ಲಿ ಜಮಾ ಆಗುತ್ತದೆ, ಓದು ನಡುವೆ ಬಿಟ್ಟು ಬೇರೆ ಕಡೆ ಸೇರಿದರೆ ಅಲ್ಲಿಗೆ ಒಯ್ಯಬಹುದು. ಕ್ರೆಡಿಟ್ ಬಾಳುವುದು ಹೆಚ್ಚೆಂದರೆ 7 ವರ್ಷ. ಮದುವೆಯಾಗಿ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟ ಹೆಣ್ಣುಮಕ್ಕಳಿಗೆ ನಾನು ಇದನ್ನು ತಪ್ಪದೆ ಹೇಳಿ ಕಳಿಸುತ್ತೇನೆ. ಪದವಿ ಪತ್ರ, ಮಾರ್ಕ್ಸ್‌ಕಾರ್ಡುಗಳು ಇರುವುದು ನ್ಯಾಡ್‌ನಲ್ಲಿ, ಅಂದರೆ ನ್ಯಾಷನಲ್ ಅಕಾಡೆಮಿಕ್ ಡಿಪಾಸಿಟರಿಯಲ್ಲಿ. ಅದೂ ಈಗ ಡಿಜಿಲಾಕರ್ ಮೂಲಕವೇ ನಡೆಯುತ್ತದೆ. 2023ರ ಡಿಸೆಂಬರಿನಲ್ಲಿ ನಿರುದ್ಯೋಗಿಗಳಿಗೆ ಭತ್ಯೆ ಕೊಡುವ ಯುವನಿಧಿಯ ಅರ್ಜಿ ಶುರುವಾದಾಗ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಎಂದಿತ್ತು. ತಂತಮ್ಮ ಪದವಿ ನ್ಯಾಡ್‌ನಲ್ಲಿ ಕಾಣುತ್ತದೋ ಇಲ್ಲವೋ ಎಂದು ನೋಡಿಸಲು ನಮ್ಮ ಆಫೀಸಿನ ಕಿಟಕಿಯ ಮುಂದೆ ಸಾಲು ನಿಂತಿತ್ತು.

ಆ ಸಾಲಿನಲ್ಲಿದ್ದ ಒಬ್ಬಳನ್ನು ನಾನು ಮರೆತಿಲ್ಲ. ಚಿತ್ತಾಪುರ ಕಡೆಯ ಹುಡುಗಿ, ಫಸ್ಟ್ ಕ್ಲಾಸು. ಅವಳ ಹೆಸರು ಹಾಕಿದರೆ ದಾಖಲೆಯೇ ಬರುತ್ತಿರಲಿಲ್ಲ. ಹುಡುಕಿದಾಗ, ಮೊದಲ ಸೆಮಿಸ್ಟರ್ ಫಾರ್ಮು ತುಂಬುವಾಗ ನಮ್ಮ ಆಫೀಸಿನಲ್ಲೇ ಅವಳ ಹೆಸರಿನ ಕೊನೆಗೆ ಇಂಗ್ಲಿಷಿನ 'ಎ' ಅಕ್ಷರ ಒಂದು ಹೆಚ್ಚು ಬಿದ್ದದ್ದು ಗೊತ್ತಾಯಿತು. ಆಧಾರ್‌ನಲ್ಲಿ ಆ ಅಕ್ಷರ ಇಲ್ಲ. ಮೂರು ವರ್ಷದ ಮಾರ್ಕ್ಸೆಲ್ಲ ಆ ಒಂದು ಅಕ್ಷರದ ಆಚೆ ನಿಂತುಬಿಟ್ಟಿತ್ತು. ತಿದ್ದುವ ಅಧಿಕಾರ ಅವಳಿಗಿಲ್ಲ. ದಾಖಲೆ ಅವಳ ಬಗ್ಗೆ, ಖಾತೆ ಅವಳದು, ಆದರೂ ಅಕ್ಷರ ಮುಟ್ಟುವ ಹಕ್ಕು ಕೊಡುವವರದು ಮಾತ್ರ. ನಾವು ಪತ್ರ ಬರೆದೆವು, ಅಫಿಡವಿಟ್ ಮಾಡಿಸಿದೆವು, ಅವಳ ಅಪ್ಪ ಕೂಲಿ ಬಿಟ್ಟು ನಾಲ್ಕು ಸಲ ಬಂದುಹೋದರು. ಕೊನೆಗೆ ಸರಿಯಾಯಿತು. ಅಂದಿನಿಂದ ಫಾರ್ಮು ತುಂಬುವಾಗ ಹುಡುಗರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಆಧಾರ್ ಕಾರ್ಡು ನೋಡಿ ಒಂದೊಂದೇ ಅಕ್ಷರ ಓದಿಸಿಯೇ ಸಬ್ಮಿಟ್ ಒತ್ತುತ್ತೇನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಓದಿನ ಭಾಗಕ್ಕೆ ಡಿಜಿಲಾಕರ್‌ಗೆ ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ, ಮನಸ್ಸಿನಿಂದ.

ಇನ್ನು ದುಡಿಮೆ. ಅಡತಿಯವನೇ ಬರೆದುಕೊಡದಿದ್ದರೆ ಎಂಬ ಅಪ್ಪನ ಪ್ರಶ್ನೆ ಇಲ್ಲಿಗೆ ಬಂತು.

ತಮ್ಮ 2017ರಿಂದ 2020ರ ಮಾರ್ಚ್‌ವರೆಗೆ ಪುಣೆ ಹತ್ತಿರದ ಚಾಕಣದಲ್ಲಿ ಫಿಟ್ಟರ್ ಆಗಿದ್ದ. ಪ್ರೆಸ್ ಮಷೀನಿನ ಡೈ ಕೂಡಿಸುವುದು, ಬೇರಿಂಗ್ ಬದಲಿಸುವುದು, ಹೈಡ್ರಾಲಿಕ್ ಲೀಕು ಹಿಡಿಯುವುದು, ಎಲ್ಲ ಅಲ್ಲೇ ಕಲಿತ. ಎಕ್ಸ್‌ಪೀರಿಯನ್ಸ್ ಲೆಟರು ಹೊಳೆಯಲ್ಲಿ ಹೋಯಿತಲ್ಲ, ಇನ್ನೊಂದು ಕೊಡಿ ಎಂದು ಫೋನು ಮಾಡಿದ. ಅವನನ್ನು ಕೆಲಸಕ್ಕೆ ಹಚ್ಚಿದ್ದ ಲೇಬರ್ ಕಾಂಟ್ರ್ಯಾಕ್ಟರ್ ಲಾಕ್‌ಡೌನಿನಲ್ಲಿ ಆಫೀಸು ಮುಚ್ಚಿದ್ದರು. ಫ್ಯಾಕ್ಟರಿಯವರು "ನೀ ನಮ್ಮ ರೋಲಿನಾಗ ಇರ್ಲಿಲ್ಲ" ಅಂದರು. ಮೂರು ವರ್ಷ ಅದೇ ಶೆಡ್ಡಿನಲ್ಲಿ ಬೆವರು ಸುರಿಸಿದವನಿಗೆ ಸಿಕ್ಕ ಉತ್ತರ ಅದು. ಡಿಜಿಲಾಕರ್‌ನಲ್ಲಿ ಹುಡುಕಲು ಏನೂ ಇರಲಿಲ್ಲ. ಬೋರ್ಡು ಇಶ್ಯುವರ್, ಐಟಿಐಗೆ ಸರ್ಟಿಫಿಕೇಟು ಕೊಡುವವರು ಇಶ್ಯುವರ್. ಚಾಕಣದ ಆ ಶೆಡ್ಡು ಯಾರಿಗೂ ಇಶ್ಯುವರ್ ಅಲ್ಲ.

ನೆನಪಾದದ್ದು ಪಿಎಫ್. ಅವನ ಹಳೆಯ ಮೊಬೈಲಿನಲ್ಲಿ ಒಂದು ಸಂಬಳದ ಚೀಟಿಯ ಫೋಟೊ ಇತ್ತು, ಅದರ ಮೇಲೆ 12 ಅಂಕಿಯ ಯುಎಎನ್, ಅಂದರೆ ಪಿಎಫ್‌ಗೆ ನೌಕರನಿಗೆ ಕೊಡುವ ನಂಬರು. ಈ ನಂಬರು 2014ರ ಅಕ್ಟೋಬರಿನಲ್ಲಿ ಜಾರಿಗೆ ಬಂದದ್ದು. ಕೆಲಸ ಎಷ್ಟು ಬದಲಿಸಿದರೂ ಯುಎಎನ್ ಒಂದೇ, ಒಂದೊಂದು ಕೆಲಸಕ್ಕೆ ಒಂದೊಂದು ಮೆಂಬರ್ ಐಡಿ ಮಾತ್ರ ಹೊಸದು. ಪಾಸ್‌ಬುಕ್ ತೆರೆದೆವು. ತಿಂಗಳು ತಿಂಗಳಿನ ಸಂಬಳ, ಅವನ ಪಾಲು, ಮಾಲೀಕರ ಪಾಲು, ಪೆನ್ಶನ್‌ಗೆ ಹೋದದ್ದು, ಎಲ್ಲ ಸಾಲುಸಾಲಾಗಿ ಇತ್ತು. ಸರ್ವಿಸ್ ಹಿಸ್ಟರಿಯಲ್ಲಿ ಸೇರಿದ ತಾರೀಖು ಇತ್ತು. ಬಿಟ್ಟ ತಾರೀಖು ಖಾಲಿ.

ಇದು ಬಹಳ ಮಂದಿಗೆ ಆಗುವ ತೊಂದರೆ. ಕೆಲಸ ಕೊಟ್ಟವರು ಎಕ್ಸಿಟ್ ಡೇಟ್ ಹಾಕದೆ ಬಿಟ್ಟರೆ ದಾಖಲೆಯಲ್ಲಿ ಅವನು ಇನ್ನೂ ಅಲ್ಲೇ ಇದ್ದಾನೆ. 2020ರಿಂದ ನೌಕರನೇ ಯುಎಎನ್ ಪೋರ್ಟಲಿನಲ್ಲಿ 'ಮಾರ್ಕ್ ಎಕ್ಸಿಟ್' ಒತ್ತಿ ಅದನ್ನು ತುಂಬಬಹುದು. ಬಿಟ್ಟು ಎರಡು ತಿಂಗಳು ಕಳೆದಿರಬೇಕು, ಕೊನೆಯ ಪಿಎಫ್ ಜಮಾ ಆದ ತಿಂಗಳೊಳಗಿನ ತಾರೀಖೇ ಹಾಕಬೇಕು. ನಾವು ಹಾಕಿದೆವು. ಎಬಿಸಿ, ನ್ಯಾಡ್‌ಗಳಲ್ಲಿ ಇಲ್ಲದ ಈ ಒಂದು ಅಧಿಕಾರ ದುಡಿಯುವವನ ಕೈಗೆ ಕೊಟ್ಟದ್ದಕ್ಕೆ ನನಗೆ ಬಹಳ ಸಮಾಧಾನವಾಯಿತು.

ಆದರೆ ಪಾಸ್‌ಬುಕ್ ಹೇಳಿದ್ದು ಅಷ್ಟೇ. ಅಲ್ಲಿದ್ದದ್ದು ಕಾಂಟ್ರ್ಯಾಕ್ಟರ್ ಹೆಸರು, ಫ್ಯಾಕ್ಟರಿಯ ಹೆಸರಿಲ್ಲ. ಇಂಥ ದಿನದಿಂದ ಇಂಥ ದಿನದವರೆಗೆ ಸಂಬಳ ತಗೊಂಡ ಅಂತ ಇದೆ. ಫಿಟ್ಟರ್ ಆಗಿದ್ದ ಅಂತ ಇಲ್ಲ. ಡೈ ಕೂಡಿಸುವುದು ಬರುತ್ತದೆ ಅಂತ ಇಲ್ಲ. ಗೇಟಿನಲ್ಲಿ ನಿಂತ ವಾಚ್‌ಮನ್ನನ ಪಾಸ್‌ಬುಕ್ಕಿಗೂ ಇವನ ಪಾಸ್‌ಬುಕ್ಕಿಗೂ ಮೊತ್ತ ಬಿಟ್ಟರೆ ಭೇದವಿಲ್ಲ. "ಅಂದ್ರ ದುಡ್ಡು ಎಣಿಸ್ಯಾರ, ಕೆಲಸ ಎಣಿಸಿಲ್ಲ" ಅಂದ ತಮ್ಮ. ಎಷ್ಟು ಸರ್ಕ್ಯುಲರ್ ಓದಿದರೂ ಇಷ್ಟು ಸರಿಯಾಗಿ ನನಗೆ ತಿಳಿದಿರಲಿಲ್ಲ.

ಅವ್ವನ ದಾಖಲೆ ಇದಕ್ಕೆ ಇನ್ನೊಂದು ತುದಿ. 2021ರ ಆಗಸ್ಟಿನಲ್ಲಿ ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಬಂದಾಗ ನಾನೇ ಅವಳ ಹೆಸರು ನೋಂದಾಯಿಸಿದೆ. ಉದ್ಯೋಗದ ಕಾಲಮ್ಮಿನಲ್ಲಿ ಕೃಷಿ ಕೂಲಿ ಎಂದು ನಾವೇ ತುಂಬಿದ್ದು, ಬೇರೆ ಯಾರೂ ಸಾಕ್ಷಿ ಹೇಳಿದ್ದಲ್ಲ. ಕಾರ್ಡು ಬಂತು, ಅವಳು ದೇವರ ಜಗಲಿಯ ಮೇಲೆ ಇಟ್ಟಳು. ಮೂವತ್ತು ವರ್ಷ ತೊಗರಿ ಕೊಯ್ದವಳ ದುಡಿಮೆ ಒಂದು ಕಾಗದದ ಮೇಲೆ ಬಂದದ್ದು ಅದೇ ಮೊದಲು.

ದುಡಿಮೆಯ ಭಾಗಕ್ಕೆ ನಾನು ಕೊಡುವುದು ಒಂದೂವರೆ ನಕ್ಷತ್ರ. ಅದನ್ನು ಲಾಕರ್‌ನ ತಪ್ಪು ಎಂದು ನಾನು ಹೇಳುವುದಿಲ್ಲ. ಪೆಟ್ಟಿಗೆ ಗಟ್ಟಿಯಾಗಿದೆ, ಬೀಗ ಸರಿಯಾಗಿದೆ. ಒಳಗೆ ಹಾಕಬೇಕಾದವರು ಬಂದಿಲ್ಲ. ದೊಡ್ಡ ಕಂಪನಿಗಳು ಬಂದರೂ ಕಲಬುರಗಿಯ ದಾಲ್ ಮಿಲ್ಲುಗಳು, ಶಹಾಬಾದದ ಕಲ್ಲಿನ ಖಣಿಗಳು, ಬೆಂಗಳೂರು-ಹೈದರಾಬಾದಿನ ಕಟ್ಟಡದ ಮೇಸ್ತ್ರಿಗಳು ಬರುವ ದಾರಿ ಯಾವುದು? ನಮ್ಮ ಜಿಲ್ಲೆಯ ಹುಡುಗರಲ್ಲಿ ಹೆಚ್ಚಿನವರು ಕೆಲಸ ಕಲಿಯುವುದು ಇಂಥವರ ಕೈಕೆಳಗೇ. ಅಲ್ಲಿ ಕಲಿತದ್ದಕ್ಕೂ ಒಂದು ಸಹಿ ಬೇಕು. ಕಾಂಟ್ರ್ಯಾಕ್ಟರ್ ಪ್ರತಿ ತಿಂಗಳು ಪಿಎಫ್ ತುಂಬುವಾಗ ಇವನು ಮಾಡುವ ಕೆಲಸ ಯಾವುದು, ಯಾವ ಫ್ಯಾಕ್ಟರಿಯಲ್ಲಿ ಎಂದು ಎರಡು ಸಾಲು ಸೇರಿಸಬೇಕು ಎಂದು ಮಾಡಿದರೆ ಸಾಕಿತ್ತು.

2021ರಲ್ಲಿ ತಮ್ಮ ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ಮೆಂಟೆನೆನ್ಸ್ ಕೆಲಸಕ್ಕೆ ಸೇರಿದ. ಎಮರಿ ರೋಲರ್, ಎಲಿವೇಟರ್, ಬೆಲ್ಟು-ಪುಲ್ಲಿ, ಸುಗ್ಗಿಯಲ್ಲಿ ಹಗಲು-ರಾತ್ರಿ. 2024ರಲ್ಲಿ ಸೇಡಂ ತಾಲೂಕಿನ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಬೇಕು ಎಂದು ಗೊತ್ತಾದಾಗ ನಾನು ಮಿಲ್ಲಿನ ಸಾವ್ಕಾರರ ಹತ್ತಿರ ಹೋದೆ. "ಬರೇ ಒಳ್ಳೆ ಹುಡುಗ ಅಂತ ಬರೀಬ್ಯಾಡ್ರಿ ಸಾವ್ಕಾರ್ರೇ, ಏನೇನು ಮಾಡ್ಯಾನ ಅದು ಬರದು ಕೊಡ್ರಿ" ಅಂದೆ. ಅವರು ಮಿಷಿನಿನ ಹೆಸರು ಒಂದೊಂದೇ ಹೇಳಿದರು, ಮುನೀಮರು ಲೆಟರ್‌ಹೆಡ್ಡಿನ ಮೇಲೆ ಬರೆದರು, ಸೀಲು ಹಾಕಿದರು. ಅದನ್ನು ಸ್ಕ್ಯಾನ್ ಮಾಡಿ ಡ್ರೈವ್‌ನಲ್ಲಿ ಹಾಕಿಟ್ಟೆ. ಬರೀ ಫೋಟೊ ಎಂದು ಗೊತ್ತಿದ್ದೂ ಹಾಕಿಟ್ಟೆ.

ಸೇಡಂನಲ್ಲಿ ಟ್ರೇಡ್ ಸರ್ಟಿಫಿಕೇಟಿನ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಒಂದೇ ನಿಮಿಷದಲ್ಲಿ ಒಪ್ಪಿಕೊಂಡರಂತೆ. ಸಾವ್ಕಾರರ ಪತ್ರವನ್ನು ಫೈಲಿಗೆ ಹಾಕಿಕೊಂಡರು. ಪುಣೆಯ ಮೂರು ವರ್ಷ ಕೇಳಿ, ಪಾಸ್‌ಬುಕ್ ನೋಡಿ ಸುಮ್ಮನಾದರು. ಆಮೇಲೆ ಎರಡು ಎಂಎಸ್ ಪ್ಲೇಟು, ಒಂದು ಫೈಲು, ಟ್ರೈ ಸ್ಕ್ವೇರು, ವರ್ನಿಯರ್ ಕೈಗೆ ಕೊಟ್ಟು ಗಂಡು-ಹೆಣ್ಣು ಫಿಟ್ಟಿಂಗ್ ಮಾಡಿ ತೋರಿಸು ಅಂದರು. ಮಧ್ಯಾಹ್ನದ ಹೊತ್ತಿಗೆ ಎರಡೂ ತುಂಡು ಕೂಡಿದವು. ಬೆಳಕಿಗೆ ಹಿಡಿದು ನೋಡಿದ ಫೋರ್‌ಮನ್ "ಇದು ಎಲ್ಲಿ ಕಲ್ತಿ?" ಎಂದು ಕೇಳಿದರಂತೆ.

"ಚಾಕಣದಾಗರಿ" ಅಂದನಂತೆ ತಮ್ಮ.

ಕಳೆದ ವಾರ ಅವನು ಊರಿಗೆ ಬಂದಾಗ ಪಾಸ್‌ಬುಕ್ ತೆರೆದು ನೋಡಿದೆವು. ಹೊಸ ಮೆಂಬರ್ ಐಡಿ ನಡೆದಿದೆ, ಈ ಸಲ ಫ್ಯಾಕ್ಟರಿಯ ಹೆಸರಿನಲ್ಲೇ. ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ 'ಫಿಟ್ಟರ್' ಎಂದು ಬರೆದಿದೆ. ಅದರ ಮೂಲ ಪ್ರತಿ ಈಗ ಊರ ಟ್ರಂಕಿನಲ್ಲಿಲ್ಲ, ಕಲಬುರಗಿಯಲ್ಲಿ ನನ್ನ ಮನೆಯ ಎರಡನೇ ಅಂತಸ್ತಿನ ಬೀರುವಿನಲ್ಲಿದೆ.